ಬಿಸಾಡಲೆಂದೇ ಮಾಡಿದ ಉಕ್ಕು

ಬೆಳಿಗ್ಗೆ ಕನ್ನಡಿ ಮುಂದೆ ನಿಲ್ಲುವ ಗಂಡಸರಿಗೆ ಜಿಲೆಟ್ ಎಂಬುದು ಒಂದು ಕಂಪನಿಯ ಹೆಸರು. ಆ ಹೆಸರಿನ ಮನುಷ್ಯನೊಬ್ಬನಿದ್ದ, ಜಗತ್ತಿನಲ್ಲಿ ವ್ಯಾಪಾರದ ಪೈಪೋಟಿಯೇ ಇರಬಾರದೆಂದು ಆತ ಪುಸ್ತಕಗಳನ್ನೇ ಬರೆದಿದ್ದ ಎಂದರೆ ನಂಬುವುದು ಕಷ್ಟ. ಪೂರ್ತಿ ಹೆಸರು ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಬಿರುದಲ್ಲ, ಇಟ್ಟ ಹೆಸರು. ಕ್ಯಾಂಪ್ ತಾಯಿಯ ತವರಿನದು.

ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. 1871ರ ದೊಡ್ಡ ಬೆಂಕಿಯಲ್ಲಿ ಮನೆಯವರ ವ್ಯಾಪಾರ ಸುಟ್ಟುಹೋಯಿತು. ತಾಯಿ ಅಡುಗೆ ಪುಸ್ತಕ ಬರೆದು ಹೆಸರಾದರು. ಮಗ ಊರೂರು ಸುತ್ತುವ ಸೇಲ್ಸ್‌ಮನ್ ಆದ. ಬಾಟಲಿಯ ಬಿರಡೆ ಮಾಡುವ ಕಂಪನಿಯಲ್ಲಿದ್ದಾಗ, ಆ ಬಿರಡೆ ಕಂಡುಹಿಡಿದ ವಿಲಿಯಂ ಪೇಂಟರ್ ಆತನಿಗೊಂದು ಬುದ್ಧಿ ಹೇಳಿದ: ಜನ ಬಳಸಿ ಬಿಸಾಡಿ, ಮತ್ತೆ ಕೊಳ್ಳಲು ಬರುವಂಥದ್ದನ್ನು ಮಾಡಬೇಕು. ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು.

1895ರಲ್ಲಿ, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಮೊಂಡು ಕತ್ತಿಯಿಂದ ಗಡ್ಡ ಕೆರೆದುಕೊಳ್ಳುವಾಗ ಉತ್ತರ ಹೊಳೆಯಿತು. ಸೇಫ್ಟಿ ರೇಜರ್ ಆತನ ಶೋಧವಲ್ಲ. ಅದು ಆಗಲೇ ಇತ್ತು, ಆದರೆ ಅದರ ದಪ್ಪ ಬ್ಲೇಡನ್ನು ಸಾಣೆ ಹಿಡಿಯುತ್ತಲೇ ಇರಬೇಕಿತ್ತು. ಜಿಲೆಟ್‌ಗೆ ಬೇಕಾದದ್ದು ಸಾಣೆಯ ಗೊಡವೆಯಿಲ್ಲದ, ಕಾಗದದಂಥ ಉಕ್ಕು. ಎಂಐಟಿಯ ಲೋಹತಜ್ಞರು ಆಗದ ಮಾತೆಂದರು. ಅವರದೂ ತಪ್ಪಲ್ಲ, ಅಷ್ಟು ತೆಳು ಹಾಳೆಗೆ ಹದ ಕೊಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆರು ವರ್ಷ ಹೀಗೇ ಕಳೆಯಿತು. ಕೊನೆಗೆ ಅದೇ ಎಂಐಟಿಯಲ್ಲಿ ಓದಿದ ವಿಲಿಯಂ ನಿಕರ್ಸನ್ ಉಕ್ಕಿಗೆ ಹದ ಕೊಡುವ ದಾರಿಯನ್ನೂ ಸಾಣೆ ಹಿಡಿಯುವ ಯಂತ್ರಗಳನ್ನೂ ರೂಪಿಸಿದ. ಬ್ಲೇಡಿನ ಮೇಲೆ ನಿಕರ್ಸನ್‌ನ ಹೆಸರಿಲ್ಲ. ಎಂಜಿನಿಯರನಾದ ನನಗೆ ಇದು ಸ್ವಲ್ಪ ಚುಚ್ಚುತ್ತದೆ.

1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡ್. ಮರುವರ್ಷ 90 ಸಾವಿರ ರೇಜರ್ ದಾಟಿತು. ರೇಜರ್ ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡಿದ ಎಂದು ಎಂಬಿಎ ಹುಡುಗರು ಹೇಳುವುದುಂಟು. ಪೇಟೆಂಟ್ ಇದ್ದಷ್ಟು ಕಾಲ ರೇಜರಿನ ಬೆಲೆ 5 ಡಾಲರ್, ಆಗಿನ ಕಾಲಕ್ಕೆ ದುಬಾರಿಯೇ. ಬೆಲೆ ನಿಜಕ್ಕೂ ಇಳಿದದ್ದು 1921ರಲ್ಲಿ ಪೇಟೆಂಟ್ ಮುಗಿದು ಎಲ್ಲರೂ ಅಂಥದ್ದೇ ಮಾಡತೊಡಗಿದ ಮೇಲೆ.

ಆ ತೆಳು ಉಕ್ಕಿನ ಇನ್ನೊಂದು ಗುಣವನ್ನು ಚೆನ್ನಾಗಿ ಬಳಸಿಕೊಂಡವರು ಜರ್ಮನರು. ತೆಳುವಾದದ್ದನ್ನು ತಿರುಚಬಹುದು. ಸ್ಲ್ಯಾಂಟ್ ರೇಜರಿನಲ್ಲಿ ಬ್ಲೇಡ್ ನೆಟ್ಟಗೆ ಕೂರುವುದಿಲ್ಲ, ಒಂದು ತುದಿ ಮೇಲೆ, ಒಂದು ಕೆಳಗೆ. ಕುಡುಗೋಲು ಪೈರನ್ನು ಗುದ್ದಿ ಕತ್ತರಿಸುವುದಿಲ್ಲ, ಓರೆಯಾಗಿ ಎಳೆದು ಕೊಯ್ಯುತ್ತದೆ. ಇಲ್ಲಿಯೂ ಅದೇ. ತಿರುಚಿದ ಬ್ಲೇಡ್ ಬಿಗಿಯಾಗುವುದರಿಂದ ಒರಟು ಕೂದಲಿಗೆ ಅದುರುವುದೂ ಕಡಿಮೆ.

ಮುಲುಂಡ್‌ನ ನಮ್ಮ ಮನೆಯಲ್ಲಿ ಮೂರು ರೇಜರ್‌ಗಳಿವೆ: ಒಂದು ಸಾದಾ, ಒಂದು ಜರ್ಮನಿಯ ಜೋಲಿಂಗನ್‌ನಲ್ಲಿ ತಯಾರಾದ ಮೆರ್ಕುರ್ 37ಸಿ, ಇನ್ನೊಂದು ಬ್ಲೇಡನ್ನು ಹೆಚ್ಚು ತಿರುಚದೆ ಬರೀ ಓರೆಯಾಗಿ ಹಿಡಿಯುವ ಹಗುರದ್ದು. ಮೂರಕ್ಕೂ ಒಂದೇ ಬಗೆಯ ಬ್ಲೇಡ್ ಹಾಕಿ, ಎರಡೆರಡು ವಾರ ಬಳಸಿ ನೋಡಿದೆ. ಎರಡು ದಿನದ ಗಡ್ಡಕ್ಕೆ ಸಾದಾ ರೇಜರನ್ನು ಮೂರು ಸಲ ಆಡಿಸಬೇಕು. 37ಸಿ ಎರಡೇ ಸಲಕ್ಕೆ ಮುಗಿಸುತ್ತದೆ. ಆದರೆ ಅದರ ತಲೆಯ ಭಾರವೇ ಸಾಕು, ಕೈ ಒತ್ತಿತೋ ಕತ್ತು ಉರಿಯುತ್ತದೆ. ಮೇ ತಿಂಗಳಲ್ಲಿ ಆ ಉರಿಯ ಮೇಲೆ ಬೆವರು ಇಳಿಯುತ್ತಾ ಲೋಕಲ್‌ನಲ್ಲಿ ನಿಂತಿದ್ದರೆ ದಾದರ್ ಬೇಗ ಬರುವುದಿಲ್ಲ. ಹಗುರದ್ದು ಇವೆರಡರ ನಡುವೆ. ನನ್ನ ಆಯ್ಕೆ 37ಸಿ, ಆದರೆ ಭಾನುವಾರಕ್ಕೆ. ಅವಸರದ ದಿನ ಸಾದಾ ರೇಜರೇ ವಾಸಿ.

ಜಿಲೆಟ್‌ನ ಮನಸ್ಸಿದ್ದದ್ದು ಮಾತ್ರ ಬೇರೆ ಕಡೆ. ಬ್ಲೇಡ್ ಹೊಳೆಯುವ ಮುಂಚೆಯೇ, 1894ರಲ್ಲಿ ಪ್ರಕಟಿಸಿದ ‘ದಿ ಹ್ಯೂಮನ್ ಡ್ರಿಫ್ಟ್’ ಪುಸ್ತಕದಲ್ಲಿ, ಅಮೆರಿಕದ ಬಹುಪಾಲು ಜನರೆಲ್ಲ ನಯಾಗರ ಜಲಪಾತದ ಬಳಿ ಒಂದೇ ಮಹಾನಗರದಲ್ಲಿ ಇರಲಿ, ಜಲಪಾತವೇ ಕರೆಂಟ್ ಕೊಡಲಿ, ಒಂದೇ ಸಂಸ್ಥೆ ಎಲ್ಲವನ್ನೂ ತಯಾರಿಸಲಿ ಎಂದ. ಮುಂಬಯಿಯಲ್ಲಿ ಒಂದು ವರ್ಷ ಇದ್ದಿದ್ದರೆ ಮೊದಲ ಅಂಶವನ್ನಾದರೂ ಕೈಬಿಡುತ್ತಿದ್ದನೇನೋ. 1910ರಲ್ಲಿ ‘ವರ್ಲ್ಡ್ ಕಾರ್ಪೊರೇಷನ್’ ಎಂಬ ಯೋಜನೆ ಹಾಕಿ, ಅದರ ಅಧ್ಯಕ್ಷರಾಗಲು ಥಿಯೋಡರ್ ರೂಸ್‌ವೆಲ್ಟ್‌ಗೆ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿದ. ಅವರು ಒಪ್ಪಲಿಲ್ಲ.

ಆತನ ಮುಖ್ಯ ತಕರಾರು, ಪೈಪೋಟಿಯಿಂದ ದುಡಿಮೆಯೂ ಸಾಮಗ್ರಿಯೂ ಪೋಲಾಗುತ್ತವೆ ಎಂಬುದು. ಪೋಲನ್ನು ದ್ವೇಷಿಸಿದವನ ಸಂಪತ್ತೆಲ್ಲ ಬಂದದ್ದು ಬಿಸಾಡುವ ವಸ್ತುವಿನಿಂದ. ಬಿಸಾಡಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲ ಕನ್ನಡಿಯ ಹಿಂದೆ ಸಣ್ಣ ಸೀಳು ಇರುತ್ತಿತ್ತು, ಹಳೆಯ ಬ್ಲೇಡುಗಳು ಗೋಡೆಯೊಳಗೇ ಬೀಳುತ್ತಿದ್ದವು. ನಮ್ಮಲ್ಲಿ ಬೀಳುವುದು ಕಸದ ಬುಟ್ಟಿಗೆ. ಅದನ್ನು ದೇವನಾರ್‌ನಂಥ ಕಸದ ಗುಡ್ಡದಲ್ಲಿ ಬರಿಗೈಯಲ್ಲಿ ಕೆದಕುವವರಿದ್ದಾರೆ. ಹಳೆ ಹಾಲಿನ ಪುಡಿ ಡಬ್ಬಿಗೆ ಸೀಳು ಕೊರೆದು ಬ್ಲೇಡ್ ಹಾಕಿಡಿ, ತುಂಬಿದ ಮೇಲೆ ಬಾಯಿ ಮುಚ್ಚಿ, ಒಳಗೇನಿದೆ ಎಂದು ಹೇಳಿ ರದ್ದಿಯವನಿಗೆ ಕೊಡಿ. ಶುದ್ಧ ಉಕ್ಕು ಅದು. ಪ್ಲಾಸ್ಟಿಕ್ ಕಾರ್ಟ್ರಿಜ್‌ಗೆ ಆ ಗತಿಯೂ ಇಲ್ಲ.

ಆತನ ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. 1929ರ ಷೇರುಪೇಟೆ ಕುಸಿತದಲ್ಲಿ ಆಸ್ತಿ ಕರಗಿತು. 1930ರಲ್ಲಿ, ಪೇಟೆಂಟ್ ಜಗಳದ ನಂತರ, ಹೆನ್ರಿ ಗೈಸ್ಮನ್‌ನ ಆಟೋಸ್ಟ್ರಾಪ್ ಜಿಲೆಟ್ ಕಂಪನಿಯೊಳಗೆ ಸೇರಿತು. ಹಿಡಿತ ಗೈಸ್ಮನ್ ಕೈಗೆ ಹೋಯಿತು. ಇಂದಿನ ಬ್ಲೇಡಿನ ನಡುವಿನ ಉದ್ದ ಸೀಳು ಆ ಜಗಳದ ಕಾಲದ್ದೇ. ಇವತ್ತು ಯಾವ ದೇಶದ ಬ್ಲೇಡೂ ಯಾವ ದೇಶದ ರೇಜರಿಗೂ ಕೂರುತ್ತದೆ. ಥಾಣೆಯ ಬ್ಲೇಡ್ ಜೋಲಿಂಗನ್‌ನ ಸ್ಲ್ಯಾಂಟಿಗೂ. ಜಿಲೆಟ್ ಇದನ್ನು ನೋಡಲಿಲ್ಲ. 1932ರ ಜುಲೈ 9ರಂದು ಲಾಸ್ ಏಂಜಲೀಸ್ ಬಳಿ ತೀರಿಕೊಂಡಾಗ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಬ್ಲೇಡ್ ಸುತ್ತುವ ಕಾಗದದ ಮೇಲೆ ಆತನ ಮುಖ ಮಾತ್ರ, ದಪ್ಪ ಮೀಸೆಯ ಸಮೇತ, ಅಚ್ಚಾಗುತ್ತಲೇ ಇತ್ತು.