ಗಿರಿವನಗಳ ವಿದ್ಯಾರ್ಥಿ ಹಂಬೋಲ್ಟ್

ಅಲೆಕ್ಸಾಂಡರ್ ಫಾನ್ ಹಂಬೋಲ್ಟರು 1769ನೆಯ ಸೆಪ್ಟೆಂಬರ್ 14ರಂದು ಬರ್ಲಿನ್ ನಗರದಲ್ಲಿ ಜನಿಸಿದರು. ಪ್ರಷ್ಯ ಸರ್ಕಾರದ ಗಣಿ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದ ಅವರು, 1796ರಲ್ಲಿ ಮಾತೃವಿಯೋಗವಾಗಲು, ತಮ್ಮ ಪಾಲಿಗೆ ಬಂದ ಆಸ್ತಿಯನ್ನು ದೇಶಾಟನೆಗೆ ಮೀಸಲಿರಿಸಿ ಆ ಪದವಿಯನ್ನೇ ತ್ಯಜಿಸಿದರು. ಸುಖಜೀವನಕ್ಕೆ ಸಾಲುವ ಸಂಪತ್ತನ್ನು ಸೊಳ್ಳೆ ಮೊಸಳೆಗಳ ನಾಡಿಗಾಗಿ ವ್ಯಯಿಸುವುದು ಲೋಕದ ಕಣ್ಣಿಗೆ ಹುಚ್ಚೆನಿಸಿದರೆ ಅಚ್ಚರಿಯಿಲ್ಲ.

1799ರಲ್ಲಿ ಸಸ್ಯಶಾಸ್ತ್ರಜ್ಞ ಬೋಂಪ್ಲಾರೊಡನೆ ದಕ್ಷಿಣ ಅಮೆರಿಕೆಯನ್ನು ಸೇರಿದರು. ಮರಗಳೇ ವಿರಳವಾದ ಯಾನೋಸ್ ಹುಲ್ಲುಗಾವಲು, ಒರಿನೋಕೊ ನದೀತೀರದ ದಟ್ಟಾರಣ್ಯ, ಇವೇ ಅವರ ಪಾಠಶಾಲೆಗಳಾದವು. ವಲೆನ್ಸಿಯ ಸರೋವರವು ಇಳಿಯುತ್ತಿದ್ದುದನ್ನು ಕಂಡು, ಸುತ್ತಣ ಕಾಡನ್ನು ಕಡಿದುದೂ ತೊರೆಗಳನ್ನು ಬೇಸಾಯಕ್ಕೆ ತಿರುಗಿಸಿದುದೂ ಅದಕ್ಕೆ ಕಾರಣವೆಂದು 1800ರಷ್ಟು ಹಿಂದೆಯೇ ನಿರ್ಣಯಿಸಿದರು.

1802ನೆಯ ಜೂನ್ 23ರಂದು ಚಿಂಬೊರಾಸೊ ಪರ್ವತವನ್ನೇರಿದುದು ಅವರ ಬಾಳಿನ ಮಹಾಸಾಹಸ. ಆ ಪರ್ವತಸೀಮೆಯ ತಗ್ಗಿನ ಕಣಿವೆಗಳಲ್ಲಿ ತಾಳೆ, ಬಾಳೆ, ಮೇಲೇರಿದಂತೆ ಓಕ್ ಮರಗಳು, ಅನಂತರ ಕುರುಚಲು, ಹುಲ್ಲು, ಕಟ್ಟಕಡೆಗೆ ಬಂಡೆಗಂಟಿದ ಕಲ್ಲುಹೂವು, ಅದರಾಚೆ ಹಿಮವೊಂದೇ. ಒಸಡುಗಳಿಂದ ರಕ್ತ ಒಸರುತ್ತಿದ್ದರೂ ವಾಯುಭಾರಮಾಪಕವನ್ನು ಕೈಬಿಡಲಿಲ್ಲ. ಸುಮಾರು 5,800 ಮೀಟರ್ ಎತ್ತರದಲ್ಲಿ ಆಳವಾದ ಬಿರುಕೊಂದು ಅಡ್ಡಬರಲು ಹಿಂದಿರುಗಬೇಕಾಯಿತು. ಶಿಖರ ದೊರೆಯಲಿಲ್ಲ, ಆದರೆ ಎತ್ತರ, ಉಷ್ಣತೆ, ತೇವಗಳಿಗನುಸಾರವಾಗಿ ಸಸ್ಯಸಮುದಾಯಗಳು ನೆಲೆಗೊಳ್ಳುವ ಕ್ರಮವು ಸ್ಪಷ್ಟವಾಯಿತು. 1807ರಲ್ಲಿ ಪ್ರಕಟವಾದ ಸಸ್ಯಭೂಗೋಳ ಗ್ರಂಥದಲ್ಲಿ ಅದನ್ನು ಒಂದೇ ಪರ್ವತಚಿತ್ರದೊಳಗೆ ಅಡಕಗೊಳಿಸಿದರು.

ಆಂಡೀಸಿನೊಡನೆ ಹೋಲಿಸಿ ನೋಡಲು ನಮ್ಮ ಹಿಮಾಲಯವನ್ನು ಕಾಣಬೇಕೆಂಬ ಹಂಬಲ ಅವರಿಗೆ ಬಹುಕಾಲವಿದ್ದಿತು. ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ಮಾತ್ರ ದೊರೆಯಲೇ ಇಲ್ಲ. ವಸಾಹತುಗಳ ಅನ್ಯಾಯವನ್ನು ಬರೆದು ಖಂಡಿಸಿದವರಿಗೆ ವಣಿಕರು ಬಾಗಿಲು ತೆರೆದಾರೆ! 1829ರಲ್ಲಿ ಸೈಬೀರಿಯವನ್ನು ಸುತ್ತಿಬಂದರು. ಪ್ರವಾಸವೂ ಗ್ರಂಥಪ್ರಕಟಣೆಯೂ ಆಸ್ತಿಯನ್ನೆಲ್ಲ ನುಂಗಿದ್ದವು. ಮುಪ್ಪಿನಲ್ಲಿ ಅರಸನಿತ್ತ ವೇತನವೇ ಅವರಿಗೆ ಆಧಾರ. 1859ನೆಯ ಮೇ 6ರಂದು ಬರ್ಲಿನ್ನಿನಲ್ಲಿ ಕಾಲವಶರಾದರು.