ಗೃಹಸ್ಥರ ಯೋಗಾಚಾರ್ಯ

ಗರ್ಭಿಣಿಯರಿಗೂ ಬಾಣಂತಿಯರಿಗೂ ಯೋಗಾಭ್ಯಾಸವನ್ನು ಹೇಳಿಕೊಡತಕ್ಕ ಶಿಕ್ಷಕರನ್ನು ಸಿದ್ಧಪಡಿಸುವ ತರಗತಿಗಳು ಈಗ ದೇಶವಿದೇಶಗಳಲ್ಲಿ ಹಬ್ಬಿವೆ. ಅಮೆರಿಕದ ಯೋಗ ಅಲಯನ್ಸ್ ಎಂಬ ಸಂಸ್ಥೆಯು ಸಾಮಾನ್ಯ ಯೋಗಶಿಕ್ಷಕನ 200 ಗಂಟೆಗಳ ಶಿಕ್ಷಣದ ಮೇಲೆ ಮತ್ತೆ 85 ಗಂಟೆಗಳ ಶಿಕ್ಷಣವನ್ನು ಇದಕ್ಕಾಗಿ ಗೊತ್ತುಮಾಡಿದೆ. ಇಷ್ಟನ್ನಾದರೂ ಪೂರೈಸದೆ, ಕೆಲವೇ ದಿನಗಳಲ್ಲಿ ಪ್ರಮಾಣಪತ್ರವನ್ನು ಪಡೆದು ಗೋಡೆಗೆ ತೂಗುಹಾಕಿಕೊಂಡು ಬಸುರಿ ಹೆಂಗಸರನ್ನು ಸಾಲಾಗಿ ಕೂರಿಸಿ ಪಾಠ ಹೇಳುವವರೂ ಇಲ್ಲದಿಲ್ಲ. ಈ ವಿದ್ಯೆಗೆ ನಮ್ಮ ಕಾಲದಲ್ಲಿ ದಾರಿ ತೆರೆದವರಲ್ಲಿ ಮುಖ್ಯರೊಬ್ಬರು ಕನ್ನಡನಾಡಿನಲ್ಲಿಯೇ ಹುಟ್ಟಿ ಮೈಸೂರಿನಲ್ಲಿ ಹೆಸರಾದ ತಿರುಮಲೈ ಕೃಷ್ಣಮಾಚಾರ್ಯರು. ಅವರು ಅದನ್ನು ಎಷ್ಟು ಕಾಲದಲ್ಲಿ ಸಂಪಾದಿಸಿದರು, ಎಂತಹ ನಿರ್ಬಂಧಗಳೊಡನೆ ಕೊಟ್ಟರು ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಆಚಾರ್ಯರು 1888ನೆಯ ಇಸವಿ ನವೆಂಬರ್ 18ರಂದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಶ್ರೀವೈಷ್ಣವ ಮನೆತನವೊಂದರಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ಬಾಲ್ಯದಲ್ಲಿಯೇ ತೀರಿಕೊಂಡುದರಿಂದ ಕುಟುಂಬವು ಮೈಸೂರಿಗೆ ಬಂದು ಪರಕಾಲ ಮಠದ ಆಶ್ರಯದಲ್ಲಿ ನಿಂತಿತು. ಅಲ್ಲಿಯೂ ಅನಂತರ ಕಾಶಿಯಲ್ಲಿಯೂ ಅವರು ವ್ಯಾಕರಣ, ತರ್ಕ, ಮೀಮಾಂಸೆ, ವೇದಾಂತಗಳನ್ನು ವ್ಯಾಸಂಗ ಮಾಡಿದರು. ಆಯುರ್ವೇದವನ್ನೂ ನಾಡೀಪರೀಕ್ಷೆಯನ್ನೂ ಅಭ್ಯಸಿಸಿದರು. ಪಂಡಿತಪದವಿಗೆ ಇಷ್ಟು ಸಾಕಾಗಿತ್ತು; ಅವರಿಗೆ ಸಾಲದಾಯಿತು.

ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳ ಬಳಿ ಏಳೂವರೆ ವರ್ಷ ಯೋಗವನ್ನು ಕಲಿತುದಾಗಿ ಆಚಾರ್ಯರೇ ಹೇಳಿಕೊಂಡಿದ್ದಾರೆ. ಆ ಸ್ಥಳ ಯಾವುದು, ಕಾಲ ಯಾವುದು ಎಂದು ಸಂಶೋಧಕರು ಈಗಲೂ ಚರ್ಚಿಸುತ್ತಿದ್ದಾರೆ. ಆ ಚರ್ಚೆ ನಮಗಿಲ್ಲಿ ಬೇಡ. ಲಕ್ಷ್ಯವಿಡತಕ್ಕ ಸಂಗತಿ ಬೇರೆ. ಆ ಗುರುಗಳು ಹೆಸರಿನಲ್ಲಿ ಬ್ರಹ್ಮಚಾರಿಗಳಾದರೂ ಹೆಂಡತಿಮಕ್ಕಳೊಂದಿಗೆ ಇದ್ದವರೆಂದು ಆಚಾರ್ಯರು ತಿಳಿಸಿದ್ದಾರೆ. ಶಿಷ್ಯನಿಂದ ಅವರು ಕೇಳಿದ ಗುರುದಕ್ಷಿಣೆಯೂ ಹಣವಲ್ಲ: ಊರಿಗೆ ಮರಳಿ ಮದುವೆಯಾಗಿ, ಮಕ್ಕಳನ್ನು ಪಡೆದು, ಸಂಸಾರಿಯಾಗಿದ್ದುಕೊಂಡೇ ಯೋಗವನ್ನು ಬೋಧಿಸಬೇಕೆಂಬುದು ಅವರ ಆಜ್ಞೆ. ಸಂನ್ಯಾಸಿಗಳಿಗಾಗಿಯೇ ಏರ್ಪಟ್ಟ ಯೋಗದಲ್ಲಿ ಗರ್ಭಿಣಿಗೆ ಸ್ಥಳವೆಲ್ಲಿಯದು? ಯೋಗವು ಸಂಸಾರಿಯದಾದರೆ ಮಾತ್ರ ಬಸುರೂ ಹೆರಿಗೆಯೂ ಬಾಣಂತನವೂ ಯೋಗಾಚಾರ್ಯನ ಚಿಂತೆಗೆ ಬರತಕ್ಕವು.

ಆಜ್ಞೆಯನ್ನು ಪಾಲಿಸಿದುದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1925ರಲ್ಲಿ ನಾಮಗಿರಿಯಮ್ಮನವರನ್ನು ವಿವಾಹವಾದರು. ಷಡ್ದರ್ಶನಗಳನ್ನು ಓದಿದ ವಿದ್ವಾಂಸರು ಹೊಟ್ಟೆಪಾಡಿಗಾಗಿ ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಣೆಗೆ ನಿಂತರು. ಹೆಂಡತಿಯ ಸೀರೆಯ ಅಂಚನ್ನು ಹರಿದು ಕೌಪೀನ ಮಾಡಿಕೊಳ್ಳುವಷ್ಟು ಬಡತನವಿತ್ತೆಂದು ಹೇಳುವರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರವರ ದೃಷ್ಟಿ ಅವರ ಮೇಲೆ ಬಿದ್ದು, 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ ಏರ್ಪಟ್ಟಿತು.

ಯೋಗಶಾಲೆಯ ಪಾಠ ಹುಡುಗರ ಪಾಠ. ಒಂದು ಆಸನದಿಂದ ಮತ್ತೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹಾರಿ ನೆಗೆಯುವ ಅಭ್ಯಾಸ. ತಪ್ಪಿದರೆ ಗುರುಗಳ ಕೋಪ. ನಾಮಗಿರಿಯಮ್ಮನವರ ತಮ್ಮಂದಿರೇ ಆದ ಬಿ. ಕೆ. ಎಸ್. ಅಯ್ಯಂಗಾರ್ಯರು ಭಾವನವರ ಕಾಠಿಣ್ಯವನ್ನು ಜೀವಮಾನವಿಡೀ ಮರೆಯಲಿಲ್ಲ. ಜಗತ್ತಿನಲ್ಲಿ ಇಂದು ಹೆಚ್ಚಾಗಿ ಪ್ರಸಿದ್ಧವಾಗಿರುವುದು ಈ ಹುಡುಗರ ಪಾಠವೇ. ಆದರೆ 1934ರಲ್ಲಿ ಮೈಸೂರಿನಲ್ಲಿ ಅಚ್ಚಾದ ಅವರ ಕನ್ನಡ ಗ್ರಂಥ ಯೋಗಮಕರಂದವನ್ನು ತೆರೆದು ನೋಡಿದರೆ, ಅದೇ ಉಗ್ರ ಗುರುಗಳು ಕೆಲವು ಆಸನಗಳ ವಿವರಣೆಯಲ್ಲಿ ಗರ್ಭಿಣಿಯರು ಇದನ್ನು ಮಾಡಕೂಡದೆಂದು ನಿಷೇಧಿಸಿರುವುದು ಕಾಣುತ್ತದೆ. ಈ ವಿಷಯದಲ್ಲಿ ಶಿಕ್ಷಕನ ಮೊದಲನೆಯ ಪಾಠವು ಬೇಡವೆನ್ನುವುದನ್ನು ಕಲಿಯುವುದೇ ಸರಿ.

ಸ್ತ್ರೀಯರ ವಿಷಯದಲ್ಲಿ ಆಚಾರ್ಯರ ಮನಸ್ಸು ಒಂದೇ ದಿನದಲ್ಲಿ ತೆರೆದುದಲ್ಲ. ಮನೆಯಲ್ಲಿ ಪತ್ನಿಗೂ ಹೆಣ್ಣುಮಕ್ಕಳಿಗೂ ಕಲಿಸಿದ್ದರು. 1938ರಲ್ಲಿ ತೆಗೆದ ಚಲನಚಿತ್ರದಲ್ಲಿ ನಾಮಗಿರಿಯಮ್ಮನವರೂ ಹೆಣ್ಣುಮಕ್ಕಳೂ ಆಸನಗಳನ್ನು ಹಾಕುವುದನ್ನು ಈಗಲೂ ನೋಡಬಹುದು. ಹೊರಗಿನವರ ಮಾತು ಬೇರೆಯಾಗಿತ್ತು. ರೀಗಾ ನಗರದಲ್ಲಿ ಹುಟ್ಟಿ ಇಂದ್ರಾದೇವಿಯೆಂದು ಹೆಸರಿಟ್ಟುಕೊಂಡಿದ್ದ ಯೂರೋಪಿನ ಮಹಿಳೆ ಶಿಷ್ಯತ್ವವನ್ನು ಬೇಡಿದಾಗ, ಹೆಂಗಸು, ಅದರಲ್ಲಿಯೂ ವಿದೇಶೀಯಳು ಎಂದು ನಿರಾಕರಿಸಿದರು. ಮಹಾರಾಜರ ಮಾತಿಗೆ ಒಪ್ಪಿಕೊಂಡ ಮೇಲೆಯೂ ಆಹಾರ, ನಿದ್ರೆ, ವೇಳೆಗಳಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಹೇರಿದರು. ಆಕೆ ಒಂದನ್ನೂ ಬಿಡದೆ ನಡೆಸಿದುದನ್ನು ಕಂಡು, ನೀನೂ ಬೋಧಿಸಬೇಕೆಂದು ತಾವೇ ವಿಧಿಸಿದರು. ಆಕೆ 1939ರಲ್ಲಿ ಶಾಂಘೈಯಲ್ಲಿಯೂ ಅನಂತರ ಹಾಲಿವುಡ್ಡಿನಲ್ಲಿಯೂ ಯೋಗಶಾಲೆಗಳನ್ನು ತೆರೆದುದು ಪ್ರಸಿದ್ಧವಷ್ಟೆ. ಕೀರ್ತಿಯೆಲ್ಲವೂ ಮೈಸೂರಿಗೇ ಸಲ್ಲಬೇಕೆಂದು ನಾವು ಹೇಳುವವರಲ್ಲ. ಮುಂಬಯಿಯಲ್ಲಿ ಸೀತಾದೇವಿ ಯೋಗೇಂದ್ರರು 1934ರಲ್ಲಿಯೇ ಸ್ತ್ರೀಯರಿಗಾಗಿ ಯೋಗಗ್ರಂಥವೊಂದನ್ನು ಪ್ರಕಟಿಸಿದ್ದರು.

1940ರಲ್ಲಿ ನಾಲ್ವಡಿಯವರು ಕಾಲವಾದ ಮೇಲೆ ಯೋಗಶಾಲೆಗೆ ಹಿಂದಿನ ಆಶ್ರಯ ತಪ್ಪಿತು. 1950ರಲ್ಲಿ ಅದು ಮುಚ್ಚಿತು. ಅರವತ್ತು ದಾಟಿದ ಆಚಾರ್ಯರು ಪುನಃ ಬರಿಗೈಯಲ್ಲಿ ನಿಂತರು. ಪಾರ್ಶ್ವವಾಯುವಿಗೀಡಾಗಿದ್ದ ನ್ಯಾಯವಾದಿಯೊಬ್ಬರ ಚಿಕಿತ್ಸೆಗಾಗಿ ಮದರಾಸಿಗೆ ಹೋಗಿ ಅಲ್ಲಿಯೇ ನೆಲೆಸಿದರು. ನಮ್ಮ ಅಭಿಪ್ರಾಯದಲ್ಲಿ ಅವರ ವಿದ್ಯೆ ಪಕ್ವವಾದುದು ಈ ಎರಡನೆಯ ಬಾಳಿನಲ್ಲಿ. ಅರಮನೆಯ ಸಾಲುಪಾಠ ಹೋಗಿ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ನಾಡಿಯನ್ನು ಹಿಡಿದು ನೋಡಿ, ಉಸಿರನ್ನು ಗಮನಿಸಿ, ದೇಶ, ಕಾಲ, ವಯಸ್ಸು, ವೃತ್ತಿ, ಶಕ್ತಿಗಳನ್ನು ವಿಚಾರಿಸಿ ಅಭ್ಯಾಸವನ್ನು ಗೊತ್ತುಮಾಡುವ ಕ್ರಮ ಬಂದಿತು. ಇದೇ ಕಾಲದಲ್ಲಿ ಮಗ ದೇಶಿಕಾಚಾರ್ಯರಿಗೆ ಯೋಗರಹಸ್ಯವನ್ನು ಪಾಠ ಹೇಳಿದರು. ಅದು ಪೂರ್ವಿಕರಾದ ನಾಥಮುನಿಗಳದೆಂದೂ ಹದಿನಾರನೆಯ ವಯಸ್ಸಿನಲ್ಲಿ ಆಳ್ವಾರ್ ತಿರುನಗರಿಯಲ್ಲಿ ತಮಗೆ ಗೋಚರಿಸಿತೆಂದೂ ಅವರ ಹೇಳಿಕೆ. ಆಚಾರ್ಯರದೇ ರಚನೆಯೆಂದು ಊಹಿಸುವವರೂ ಉಂಟು. ಯಾರದೇ ಆಗಲಿ, ಸಂತಾನವನ್ನು ಹೊತ್ತು ಹೆರುವವಳು ಸ್ತ್ರೀಯಾದುದರಿಂದ ಯೋಗದಲ್ಲಿ ಅವಳಿಗೆ ವಿಶೇಷಾಧಿಕಾರವಿದೆಯೆಂದು ಅದು ವಿಧಿಸಿ, ಗರ್ಭಿಣಿಯ ಅಭ್ಯಾಸವನ್ನೂ ವಿಚಾರಿಸುತ್ತದೆ. ಹೆಂಗಸರಿಗೆ ವೇದಘೋಷವನ್ನು ಹೇಳಿಕೊಡಲು ಸಂಪ್ರದಾಯಸ್ಥರು ಹಿಂಜರಿಯುತ್ತಿದ್ದ ಕಾಲದಲ್ಲಿ ಈ ನಾಮಧಾರಿ ವೃದ್ಧರು ಅದನ್ನೂ ಹೇಳಿಕೊಟ್ಟರು.

ಒಬ್ಬೊಬ್ಬರನ್ನೇ ನೋಡುವ ಈ ಕ್ರಮ ಮತ್ತಾರಿಗಿಂತಲೂ ಗರ್ಭಿಣಿಗೆ ಆವಶ್ಯಕವೆಂಬುದನ್ನು ಇಂದಿನ ವೈದ್ಯಶಾಸ್ತ್ರ ಸಮರ್ಥಿಸುತ್ತದೆ. ಬಸುರಿನಲ್ಲಿ ಕೀಲುಗಳ ಕಟ್ಟುಗಳು ಸಡಿಲಗೊಳ್ಳುವುದರಿಂದ, ಹೆಚ್ಚು ಬಾಗಬಲ್ಲೆನೆಂಬ ಉತ್ಸಾಹವೇ ಅಪಾಯಕರ. ತಿಂಗಳು ತುಂಬಿದಂತೆ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭದ ಭಾರವು ಹೃದಯಕ್ಕೆ ರಕ್ತವನ್ನೊಯ್ಯುವ ದೊಡ್ಡ ನಾಳವನ್ನು ಅದುಮುತ್ತದೆ; ಎಡಮಗ್ಗುಲು ಲೇಸು. ಹೊಟ್ಟೆಯನ್ನು ಒತ್ತುವ, ಬಲವಾಗಿ ತಿರುಚುವ ಆಸನಗಳೂ ದೀರ್ಘ ಕುಂಭಕವೂ ಸಲ್ಲವು. ರಕ್ತಸ್ರಾವವಿದ್ದರೆ, ರಕ್ತದೊತ್ತಡವೇರಿದ್ದರೆ, ಮಾಸು ಗರ್ಭದ್ವಾರಕ್ಕೆ ಅಡ್ಡವಾಗಿದ್ದರೆ ಯೋಗಶಿಕ್ಷಕನು ಹಿಂದೆ ಸರಿದು ವೈದ್ಯರಿಗೆ ಸ್ಥಳ ಬಿಡತಕ್ಕದ್ದು. ಹೆರಿಗೆಯ ಅನಂತರ ಮೊದಲು ಬರತಕ್ಕವು ನಿಧಾನವಾದ ಉಸಿರಾಟ, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಮೆಲ್ಲಗೆ ಬಿಗಿದು ಸಡಿಲಿಸುವುದು, ಸ್ವಲ್ಪ ನಡಿಗೆ. ಹೊಟ್ಟೆಯ ನಡುವಣ ಸ್ನಾಯುಗಳು ಬೇರ್ಪಟ್ಟಿವೆಯೇ, ಶಸ್ತ್ರಕ್ರಿಯೆಯಿಂದಾದ ಹೆರಿಗೆಯೇ, ತಾಯಿ ನಿದ್ರೆಯಿಲ್ಲದೆ ಮಂಕಾಗಿ ಕುಳಿತಿದ್ದಾಳೆಯೇ ಎಂಬುದನ್ನು ವಿಚಾರಿಸದೆ ಹೊಟ್ಟೆ ಕರಗಿಸುವ ಅಭ್ಯಾಸವನ್ನು ಹೇಳುವವನನ್ನು ಬಾಣಂತಿಯ ಕೋಣೆಯ ಹೊಸ್ತಿಲು ದಾಟಗೊಡಬಾರದು. ಮೂವತ್ತು ಮಂದಿಯ ತರಗತಿಯಲ್ಲಿ ಇದನ್ನೆಲ್ಲ ವಿಚಾರಿಸುವವರು ಯಾರು? 85 ಗಂಟೆಗಳಲ್ಲಿ ಅಂಗರಚನೆಯನ್ನು ಕಲಿಸಬಹುದು. ಎದುರಿಗಿರುವ ಹೆಂಗಸಿನ ಮುಖವನ್ನು ಓದುವುದನ್ನು ಕಲಿಸಲು, ಅನುಭವಸ್ಥರ ಕೈಕೆಳಗೆ ಪ್ರಸೂತಿ ವೈದ್ಯರ ಸಹವಾಸದಲ್ಲಿ ವರ್ಷಗಟ್ಟಲೆ ದುಡಿಸಬೇಕು. ಶಿಕ್ಷಣ ಕೊಡುವ ಸಂಸ್ಥೆಗಳನ್ನು ನಾವು ಕೇಳುವುದು ಇದನ್ನೇ.

1976ರಲ್ಲಿ ದೇಶಿಕಾಚಾರ್ಯರು ಮದರಾಸಿನಲ್ಲಿ ತಂದೆಯ ಹೆಸರಿನ ಯೋಗಮಂದಿರವನ್ನು ಸ್ಥಾಪಿಸಿದರು. ಅತ್ತ ಪುಣೆಯಲ್ಲಿ ಅಯ್ಯಂಗಾರ್ಯರ ಮಗಳು ಗೀತಾ ಅವರು ಸ್ತ್ರೀಯರ ಯೋಗವನ್ನೇ ತಮ್ಮ ಬಾಳಿನ ಕೆಲಸವಾಗಿ ಮಾಡಿಕೊಂಡು, ಗರ್ಭಿಣಿಯರಿಗಾಗಿ ಗ್ರಂಥ ರಚಿಸಿ 2018ರಲ್ಲಿ ತೀರಿಕೊಂಡರು. ಆಚಾರ್ಯರಾದರೋ ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಅಭ್ಯಾಸಗಳನ್ನು ತಮ್ಮ ಆಗಿನ ಶಕ್ತಿಗೆ ತಕ್ಕಂತೆ ತಾವೇ ಗೊತ್ತುಮಾಡಿಕೊಂಡು, 1989ರಲ್ಲಿ ನೂರು ವರ್ಷ ತುಂಬಿದ ಮೇಲೆ ದೇಹವನ್ನು ಬಿಡುವವರೆಗೂ ಪಾಠವನ್ನೂ ಪಾರಾಯಣವನ್ನೂ ನಡೆಸಿಕೊಂಡು ಬಂದರು.