ಹತ್ತು ಮಿಲಿಮೀಟರ್ ಗಂಟು ಮತ್ತು ಶಾರ್ಲ್ ಮಾಂಟೂ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಬಳಗದ ಕಡೇಚೂರಿನ ಗೆಳೆಯ ಊರಿಂದ ಬಂದಾಗ ಅವನ ಮುಂಗೈ ಮೇಲೆ ಪೆನ್ನಿನ ದುಂಡು ಗೆರೆ ಇತ್ತು. ಮನೇಲಿ ಒಬ್ಬರಿಗೆ ಕ್ಷಯ ಬಂದಿತ್ತು, ಅದಕ್ಕೇ ಮಾಂಟೂ ಟೆಸ್ಟ್ ಮಾಡಿಸಿದ್ದರು. ಗಂಟು 12 ಮಿ.ಮೀ. ಸುದ್ದಿ ಗೊತ್ತಾಗಿದ್ದೇ ತಡ, ಹಾಸ್ಟೆಲ್‌ನಲ್ಲಿ ಅವನ ತಟ್ಟೆ, ಲೋಟ ಬೇರೆಯಾದವು. ನಾವೂ ಸುಮ್ಮನಿದ್ದೆವು. ಈ ಮಾಂಟೂ ಯಾರು ಅಂತ ಹುಡುಕಿದ್ದು ಆಮೇಲೆ.

ಶಾರ್ಲ್ ಮಾಂಟೂ 1877ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದರು. ಅಲ್ಲೇ ವೈದ್ಯಕೀಯ ಓದಿದರು. ಆರೋಗ್ಯ ಕೈಕೊಟ್ಟಿದ್ದರಿಂದ ದಕ್ಷಿಣದ ಕಡಲ ದಂಡೆಯ ಕಾನ್ ಊರಿಗೆ ಹೋಗಿ ವೃತ್ತಿ ನಡೆಸಿದರು.

ಕ್ಷಯದ ರೋಗಾಣುವನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಖ್, 1890ರಲ್ಲಿ ಅದರ ಸಾರವಾದ ಟ್ಯುಬರ್ಕ್ಯುಲಿನ್ ಅನ್ನು ಮದ್ದು ಅಂತ ಪ್ರಕಟಿಸಿದ್ದರು. ಮದ್ದಾಗಿ ಅದು ಸೋತಿತು. 1907ರಲ್ಲಿ ವಿಯೆನ್ನಾದ ಪಿರ್ಕೆ, ಚರ್ಮ ಗೀರಿ ಅದನ್ನು ಹಚ್ಚಿ ಸೋಂಕು ಪತ್ತೆಮಾಡುವ ದಾರಿ ತೋರಿಸಿದರು. ಆದರೆ ಗೀರಿದಾಗ ಒಳಗೆ ಎಷ್ಟು ಹೋಯಿತು ಅನ್ನೋ ಲೆಕ್ಕ ಸಿಗದು. 1908ರಲ್ಲಿ ಮಾಂಟೂ ಸಣ್ಣ ಸೂಜಿಯಿಂದ ಚರ್ಮದ ಪದರದೊಳಗೇ ಅಳತೆಯ ಪ್ರಮಾಣ ಕೊಟ್ಟರು. ನಮ್ಮ ಭಾಷೇಲಿ ಹೇಳೋದಾದ್ರೆ, ಇನ್‌ಪುಟ್ ಸ್ಥಿರವಾಯ್ತು, ಔಟ್‌ಪುಟ್ ಅಳೆಯೋಕೆ ಅರ್ಥ ಬಂತು.

ಈಗ ಕೊಡುವುದು 0.1 ಮಿ.ಲೀ. 48ರಿಂದ 72 ಗಂಟೆಯೊಳಗೆ ಅಳೆಯಬೇಕು. ಕೆಂಪಗಾದದ್ದು ಲೆಕ್ಕಕ್ಕಿಲ್ಲ, ಬೆರಳಿಗೆ ಗಟ್ಟಿ ತಾಗುವ ಗಂಟಿನ ಅಡ್ಡಳತೆ ಮಾತ್ರ. ನಮ್ಮಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಗಡಿ, ಎಚ್‌ಐವಿ ಇದ್ದವರಿಗೆ 5 ಸಾಕು. ಅಪಾಯವೇ ಕಡಿಮೆ ಇರೋ ದೇಶಗಳಲ್ಲಿ 15ರ ಗಡಿಯೂ ಉಂಟು. ಗಡಿ ಇಳಿಸಿದರೆ ಸೋಂಕಿಲ್ಲದವರೂ ಸಿಕ್ಕಿಬೀಳ್ತಾರೆ, ಏರಿಸಿದರೆ ಸೋಂಕಿದ್ದವರು ತಪ್ಪಿಸ್ಕೊಳ್ತಾರೆ. ಬಿಸಿಜಿ ಲಸಿಕೆಯಿಂದಲೂ, ಮಣ್ಣು-ನೀರಿನಲ್ಲಿರುವ ಕ್ಷಯಾಣುವಿನ ದಾಯಾದಿಗಳಿಂದಲೂ ಗಂಟು ಏಳಬಹುದು. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗ ಈ ಟೆಸ್ಟ್ ಜೊತೆ ಎಕ್ಸ್‌ರೇ, ಕಫ ಪರೀಕ್ಷೆಯನ್ನೂ ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ.

ಯಾಕಂದ್ರೆ ಗಂಟು ಹೇಳೋದು ರೋಗಾಣು ಎಂದೋ ಒಳಹೊಕ್ಕಿರಬಹುದು ಅಂತಷ್ಟೇ. ಅದು ರೋಗವಾಗಿದೆಯೋ ಇಲ್ಲವೋ ಹೇಳಲ್ಲ. ಒಳಗೆ ಸುಮ್ಮನೆ ಮಲಗಿದ ಸೋಂಕು ಇನ್ನೊಬ್ಬರಿಗೆ ಹರಡೋದೂ ಇಲ್ಲ.

ಮಾಂಟೂ 1947ರಲ್ಲಿ ತೀರಿಕೊಂಡರು. ಅವರ ಹೆಸರು ಇವತ್ತಿಗೂ ನಮ್ಮ ತಾಲೂಕು ಆಸ್ಪತ್ರೆಗಳ ಚೀಟಿ ಮೇಲಿದೆ. ನಮ್ಮ ಗೆಳೆಯನ ಎಕ್ಸ್‌ರೇ, ಕಫ ಎರಡೂ ಸರಿಯಾಗೇ ಇದ್ದವು. ತಟ್ಟೆ ಮತ್ತೆ ನಮ್ಮ ಸಾಲಿಗೆ ಬಂತು. ಆದರೆ ಅಳತೆ ಓದೋಕೆ ಬಾರದೆ ನಾವು ಸುಮ್ಮನಿದ್ದ ಆ ಎರಡು ವಾರ ಅವನಿಗೂ ಮರೆತಿಲ್ಲ, ನಮಗೂ ಮರೆತಿಲ್ಲ.